ಮಾವನ ಸೂಜಿಮರಗಳು

ನಾನು ನಿಂತಿದ್ದದ್ದು ಚನ್ನಗಿರಿಯಿಂದ ಕತ್ತಲಗೆರೆಯ ಕಡೆಗೆ ಹೋಗುವ ರಸ್ತೆಯ ಎಡಕ್ಕೆ, ಊರು ಮುಗಿದ ಮೇಲೆ ಸಿಗುವ ಕಲ್ಲುದಿಬ್ಬದ ನೆತ್ತಿಯಲ್ಲಿ, ಒಂದು ಸೀಳುಬಂಡೆಯ ಪಕ್ಕ. ೧೯೮೬ನೇ ಇಸವಿ. ಮೃಗಶಿರ ಮಳೆ ಒಂದೆರಡು ಸಲ ಬಿದ್ದು ನಿಂತಿತ್ತು. ಬೆಳಗಿನ ಹೊತ್ತು, ಬಿಸಿಲು ಇನ್ನೂ ಹಳದಿಯಾಗಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಸೋದರಮಾವನ ವಿಷಯವನ್ನು ಯಾರು ಹೇಳಿದರೂ ಕೇಳಿದವರು ಉತ್ಪ್ರೇಕ್ಷೆ ಎಂದೇ ತಿಳಿಯುತ್ತಾರೆ!

ಮಾವ ಕೇದಾರಕ್ಕೆ ಹೋಗಿ ದೇವರನ್ನು ನೋಡಿದರೋ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಅಲ್ಲಿಂದ ಮಣ್ಣು ಕದ್ದು ತಂದದ್ದು ಮಾತ್ರ ನಿಜ. ಆ ಮಣ್ಣಿನ ಗಂಟನ್ನು ಬಸ್ಸಿನ ಮೇಲಿಂದ ಇಳಿಸಿಕೊಂಡವನು ನಾನೇ.

ಮಾವನದು ಅಡಿಕೆ ಖೇಣಿ ವ್ಯಾಪಾರ. ಅಂದರೆ ಕಾಯಿ ಮರದ ಮೇಲಿರುವಾಗಲೇ ತೋಟದವರ ಹತ್ತಿರ ಫಸಲು ಗುತ್ತಿಗೆ ಹಿಡಿದು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು. ಮನೆಯ ಹಿಂದೆಯೇ ಒಲೆ, ಹಂಡೆ, ಸುಲಿದ ಸಿಪ್ಪೆಯ ರಾಶಿ. ಆ ಹೊಗೆಯಿಂದಲೋ ಆ ದೂಳಿನಿಂದಲೋ ಅತ್ತೆಗೆ ದಮ್ಮು ಹತ್ತಿತ್ತು. ಎಷ್ಟೋ ವರ್ಷ ಅವರು ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡಿದವರು. ಉಸಿರು ಎಳೆಯುವಾಗ ಎದೆಯಲ್ಲಿ ಸಣ್ಣ ಪೀಪಿ ಊದಿದ ಸದ್ದು. ಮಾವನಿಗೆ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ, ಅದು ನಿಂತರೆ ಎಚ್ಚರವಾಗುತ್ತಿತ್ತು.

ಎಪ್ಪತ್ತೆರಡರ ಬೇಸಿಗೆಯಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಕೇದಾರಕ್ಕೆ ಹೊರಟರು. ದಮ್ಮಿನವರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾರೆಯೇ ಎಂದು ಬೈದವರು ಬಹಳ. ಅತ್ತೆ ಹಠ ಹಿಡಿದು ಹೊರಟರು. ದಾರಿಯಲ್ಲಿ ಒಂದು ಧರ್ಮಶಾಲೆ, ಅದರ ಸುತ್ತ ಮುಗಿಲಿಗೆ ನೆಟ್ಟಗೆ ನಿಂತ ಮರಗಳ ಕಾಡು. ಎಲೆಯ ಬದಲು ಸೂಜಿ. ಆ ರಾತ್ರಿ ಮಾವನಿಗೆ ಥಟ್ಟನೆ ಎಚ್ಚರವಾಯಿತಂತೆ. ಪೀಪಿಯ ಸದ್ದಿಲ್ಲ! ನೋಡಿದರೆ ಅತ್ತೆ ನೆಲದ ಮೇಲೆ ಅಂಗಾತ ಮಲಗಿದ್ದಾರೆ. ಜೀವ ಹೋಯಿತೆಂದೇ ತಿಳಿದು ಮೂಗಿನ ಹತ್ತಿರ ಕೈ ಹಿಡಿದರಂತೆ. ಉಸಿರು ಇತ್ತು, ಸದ್ದು ಇರಲಿಲ್ಲ.

ಬೆಳಗಾದ ಮೇಲೆ ಉಳಿದವರು ನದಿಗೆ ಹೋಗಿ ತಂಬಿಗೆಯಲ್ಲಿ ಗಂಗೆ ತುಂಬಿಕೊಂಡರು. ಮಾವ ಕಾಡಿಗೆ ಹೋಗಿ ಪಂಚೆಯಲ್ಲಿ ಮರದ ಕಾಯಿ ಕಟ್ಟಿಕೊಂಡರು. ಆಮೇಲೆ ಆ ಮರಗಳ ಬುಡದ ಮಣ್ಣನ್ನು ಕೆರೆದು ಇನ್ನೊಂದು ಗಂಟು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ರೇಗಿದರು.

"ಏನ್ರೀ ಸಾವ್ಕಾರ್ರೆ, ಬೀಜ ಆತು, ಮಣ್ಣು ಯಾಕೆ? ಚನ್ನಗಿರ್ಯಾಗೆ ಮಣ್ಣಿಗೆ ಬರ ಬಂದೈತಾ?"

"ತವರು ಬಿಟ್ಟು ಬರೋ ಹೆಣ್ಣಿಗೆ ಮಡ್ಲಕ್ಕಿ ಹಾಕಿ ಕಳಸ್ತೀರೋ ಇಲ್ಲೋ? ಬರಿ ಮಡ್ಲಾಗೆ ಕಳಸ್ತೀರಾ?"

"ಅದು ಹೆಣ್ಣು."

"ಇದೂ ಹಂಗೇ ಅನ್ಕಳ್ರಿ!"

ಊರಿಗೆ ಬಂದ ಮೇಲೆ ಕೇದಾರದ ಪ್ರಸಾದಕ್ಕೆಂದು ನೆರೆಹೊರೆಯವರು ಬಂದರು. ಜಗುಲಿಯ ಮೇಲೆ ಬಿಚ್ಚಿಟ್ಟಿದ್ದ ಗಂಟನ್ನು ನೋಡಿ, ಕೇಳದೆ ಮಾಡದೆ, ಒಬ್ಬೊಬ್ಬರೂ ಒಂದೊಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು. ಕೆಲವರು ಕಣ್ಣಿಗೂ ಒತ್ತಿಕೊಂಡರು. ಒಬ್ಬರು ಮಗುವಿನ ನಾಲಿಗೆಗೆ ಇಟ್ಟರು. ಮಾವ ಒಳಗಿನಿಂದ ಓಡಿಬಂದು, "ಏ ಏ, ಮುಗಿಸಿಬಿಡ್ತೀರಲ್ರೋ!" ಎಂದು ಗಂಟನ್ನು ಎದೆಗೆ ಅವಚಿಕೊಂಡರು. ಜನ ಅದನ್ನು ಭಕ್ತಿ ಎಂದುಕೊಂಡರು!

ಅಡಿಕೆಗೆ ಬಾರದ, ರಾಗಿಗೂ ಆಗದ ಕಲ್ಲುದಿಬ್ಬವೊಂದು ಮಾವನ ಹೆಸರಿನಲ್ಲಿತ್ತು. ಮನೆಯ ಹಿತ್ತಲಲ್ಲಿ ಸಸಿಮಡಿ ಮಾಡಿ, ಕೇದಾರದ ಮಣ್ಣನ್ನು ಕೈಯಳತೆ ಹಿಡಿದು ಬೆರೆಸಿ, ಸಸಿ ಎಬ್ಬಿಸಿ, ಮುಂದಿನ ವರ್ಷದ ಮಳೆಗೆ ಆ ದಿಬ್ಬದ ಮೇಲೆ ನೆಟ್ಟರು. ನಲವತ್ತಕ್ಕೆ ತುಸು ಕಡಿಮೆ ಉಳಿದವು. ಪೈನ್ ಎಂಬ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಊರವರು ಸೂಜಿಮರ ಎಂದರು, ಅದೇ ನಿಂತಿತು. ನಾನು ಆಗ ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ಹೊನ್ನಾಳಿಗೆ ಬಂದು ಅಲ್ಲಿಂದ ಬಸ್ಸು ಬದಲಾಯಿಸಿ ಚನ್ನಗಿರಿಗೆ ಬರುತ್ತಿದ್ದೆ. ಬಂದಾಗಲೆಲ್ಲ ದಿಬ್ಬದ ಮೇಲೆ ಯಾರಾದರೊಬ್ಬರು ಮಾವನನ್ನು ವಿಚಾರಣೆ ಮಾಡುತ್ತಿರುವುದು ಕಾಣುತ್ತಿತ್ತು.

"ಕಾಯಿ ತಿನ್ನಾಕೆ ಬರ್ತೈತಾ?"

"ಇಲ್ಲ."

"ನೆಳ್ಳು?"

"ಜಲ್ಡಿ ಹಿಡ್ದಂಗೆ ಬೀಳ್ತೈತೆ."

"ಮತ್ಯಾಕ್ರೀ ಬೆಳಸ್ತೀರಿ?"

"ಗಾಳಿಗೆ."

"ಗಾಳಿ! ಚನ್ನಗಿರ್ಯಾಗೆ ಗಾಳಿ ಪುಗ್ಸಟ್ಟೆ ಸಿಗ್ತೈತಲ್ರೀ ಸಾವ್ಕಾರ್ರೆ!"

ಮಾವ ಅತ್ತೆಯ ಹೆಸರನ್ನು ಆ ಮಾತಿಗೆ ಎಂದೂ ತಂದವರಲ್ಲ.

ಮರಗಳು ಆಳೆತ್ತರ ದಾಟಿದ ಮೇಲೆ ಅತ್ತೆಯ ಶಿಕ್ಷೆ ಶುರುವಾಯಿತು. ದಿನಾ ಬೆಳಿಗ್ಗೆ ದಿಬ್ಬದ ಕೆಳಗಿನ ಸಾಲಿನಲ್ಲಿ ಒಂದು ಕಲ್ಲಿನ ಮೇಲೆ ಕೂರಬೇಕು. ಮಾವ ಎದುರಿಗೆ ನಿಂತು ಕೈ ಮೇಲೆತ್ತಿದರೆ ಉಸಿರು ಎಳೆಯಬೇಕು, ಇಳಿಸಿದರೆ ಬಿಡಬೇಕು. ಮೇಷ್ಟ್ರಾದ ನಾನೂ ಮಕ್ಕಳಿಗೆ ಅಷ್ಟು ಕಟ್ಟುನಿಟ್ಟಾಗಿ ಡ್ರಿಲ್ಲು ಮಾಡಿಸಿದವನಲ್ಲ.

"ಎಳ್ಕೋ… ಇನ್ನೂ… ಇನ್ನೂ ಸ್ವಲ್ಪ… ಈಗ ಬಿಡು."

"ನಾನೇನು ಕುಲುಮೆ ತಿದಿ ಏನ್ರೀ?"

"ಮಾತಾಡಬ್ಯಾಡ. ಮಾತಿನಾಗೆ ಗಾಳಿ ಹೋಗ್ತೈತೆ."

"ಹೋದ್ರೆ ಹೋಗ್ಲಿ. ಒಲಿ ಮ್ಯಾಲೆ ಹಾಲಿಟ್ಟು ಬಂದೀನಿ, ಅದೂ ಹೋಗ್ತೈತೆ!"

ಅತ್ತೆಗೆ ಗುಣವಾಯಿತೇ? ಕಂಡಷ್ಟನ್ನು ಹೇಳುತ್ತೇನೆ. ಕೆಲವು ದಿನ ಆ ಕಲ್ಲಿನ ಮೇಲೆ ಅವರ ಎದೆಯ ಸದ್ದು ನನಗೆ ಕೇಳಿಸುತ್ತಿರಲಿಲ್ಲ. ಕೆಲವು ದಿನ ರಸ್ತೆಯವರೆಗೂ ಕೇಳಿಸುತ್ತಿತ್ತು. ಮರದಿಂದಲೋ, ಒಲೆಯ ಹೊಗೆಯಿಂದ ದೂರ ಕೂತದ್ದರಿಂದಲೋ, ಡಾಕ್ಟರು ಕೊಟ್ಟ ಗುಳಿಗೆಯಿಂದಲೋ, ನಾನು ಬಿಡಿಸಿ ಹೇಳಲಾರೆ. ಮಾವ ಬಿಡಿಸಿ ಹೇಳಬಲ್ಲವರಾಗಿದ್ದರು. ಸದ್ದಿಲ್ಲದ ದಿನ ಎಲ್ಲ ಮರದ ಲೆಕ್ಕಕ್ಕೆ. ಸದ್ದಿರುವ ದಿನ ಅತ್ತೆ ಸರಿಯಾಗಿ ಎಳೆದುಕೊಂಡಿಲ್ಲ!

ಇನ್ನು ಅಣಬೆಯ ಮಾತು.

ಎಪ್ಪತ್ತು ಮುಗಿದು ಎಂಬತ್ತು ಬರುವ ಹೊತ್ತಿನ ಒಂದು ಮಳೆಗಾಲ. ಸೂಜಿಮರಗಳ ಬುಡದಲ್ಲಿ, ಉದುರಿದ ಸೂಜಿಗಳನ್ನು ಎತ್ತಿಕೊಂಡು, ಕಂದುಬಣ್ಣದ ಅಣಬೆಗಳು ಎದ್ದವು. ಬೇರೆ ಸೀಮೆಯವರಾಗಿದ್ದರೆ ನೋಡಿ ಮುಂದೆ ಹೋಗುತ್ತಿದ್ದರು, ಇಲ್ಲವೇ ಸಾರಿಗೆ ಆಗುತ್ತದೆಯೇ ಎಂದು ಮೂಸುತ್ತಿದ್ದರು. ಆದರೆ ಚನ್ನಗಿರಿಯ ಅಡಿಕೆಯವರಿಗೆ ಮರದ ಬುಡದಲ್ಲಿ ಅಣಬೆ ಕಂಡರೆ ಏನಾಗುತ್ತದೆ ಎಂಬುದನ್ನು ಹೊರಗಿನವರಿಗೆ ಹೇಳುವುದು ಕಷ್ಟ. ಅಡಿಕೆಗೆ ಅಣಬೆ ರೋಗ ಎಂದೇ ಒಂದು ರೋಗ ಇದೆ. ಬೇರು ಒಳಗೇ ಕೊಳೆತು, ಕಾಂಡದ ಬುಡದಲ್ಲಿ ಅಣಬೆ ಮೂಡಿದಾಗ ಮರದ ಕತೆ ಮುಗಿದಿರುತ್ತದೆ. ಆ ಮರ ಒಂದೇ ಹೋಗುವುದಿಲ್ಲ. ಮಣ್ಣಿನೊಳಗೆ ಹಬ್ಬಿ ಪಕ್ಕದ್ದನ್ನು, ಅದರ ಪಕ್ಕದ್ದನ್ನು ಹಿಡಿಯುತ್ತದೆ. ಮಾವ ಖೇಣಿ ಹಿಡಿದ ತೋಟಗಳು ಹೀಗೆ ಬೋಳಾದದ್ದನ್ನು ಕಣ್ಣಾರೆ ಕಂಡವರು.

ಅವತ್ತು ಅವರು ದಿಬ್ಬದಿಂದ ಓಡಿಬಂದ ರೀತಿಯನ್ನು ನಾನು ನೋಡಿದ್ದೇನೆ. ಕಾಲಿನ ಚಪ್ಪಲಿ ಮೇಲೆಯೇ ಉಳಿದಿತ್ತು. "ಹಾಲೇಶಿ! ಏ ಹಾಲೇಶಿ! ಗುದ್ಲಿ ತಗಾ! ಅಣಬಿ ಎದ್ದೈತೆ!" ಹಾಲೇಶಪ್ಪ ಮಾವನಿಗೆ ಅಡಿಕೆ ಗೊನೆ ಕೊಯ್ದುಕೊಡುವವನು. ನನ್ನ ವಾರಿಗೆಯವನು, ಬಾಯಿ ಬಹಳ.

ಅಡಿಕೆಗೆ ಏನು ಮಾಡುತ್ತಾರೋ ಅದನ್ನೆಲ್ಲ ಮಾಡಿದರು. ಅಣಬೆಗಳನ್ನು ಬೇರುಸಹಿತ ಕಿತ್ತು ಸುಟ್ಟರು. ಒಂದೊಂದು ಮರದ ಸುತ್ತಲೂ ಕಂದಕ ತೋಡಿದರು, ರೋಗ ಪಕ್ಕಕ್ಕೆ ದಾಟಬಾರದೆಂದು. ಬೂಷ್ಟು ಕೊಲ್ಲುವ ಮೈಲುತುತ್ತವನ್ನು ಸುಣ್ಣದಲ್ಲಿ ಕಲಸಿ ಬುಡಕ್ಕೆ ಸುರಿದರು. ಮೇಲೆ ಕೆರೆಯ ಗೋಡುಮಣ್ಣು ಹೇರಿದರು. ಅದನ್ನು ಹೊರುತ್ತಿದ್ದ ಹಾಲೇಶಿ ಒಂದು ಸಲ ಬುಟ್ಟಿ ಇಳಿಸಿ ಕೇಳಿದ:

"ಸಾವ್ಕಾರ್ರೆ, ಈ ಮರ ಬೆಟ್ಟದಾಗೆ ಇದ್ದಾಗ ಇದ್ಕೆ ಗೋಡು ಯಾರು ಹೊತ್ತು ಹಾಕ್ತಿದ್ರು?"

"ಅಲ್ಲಿ ರೋಗ ಇರ್ಲಿಲ್ಲ ಕಣೋ."

"ನಿಮ್ಮ ಕೈಗೆ ಬಂದ ಮ್ಯಾಲೆ ಬಂತಾ?"

"ಹೊರಾಕೆ ಹೇಳಿದ್ದು, ಮಾತಾಡಾಕೆ ಹೇಳ್ಲಿಲ್ಲ!"

ಔಷಧಿ ಪಂಪನ್ನು ಮಾತ್ರ ಮಾವ ಯಾರ ಕೈಗೂ ಕೊಡುತ್ತಿರಲಿಲ್ಲ. ಬೆನ್ನಿಗೆ ತಾವೇ ಕಟ್ಟಿಕೊಂಡು ಮೇಲೇರುತ್ತಿದ್ದರು. ಆಮೇಲೆ ಪ್ರತಿ ಮಳೆಗಾಲವೂ ಇದೇ. ಮತ್ತು ಇಲ್ಲಿ ಒಂದು ವಿಚಿತ್ರ ಹೇಳಬೇಕು. ಮಣ್ಣಿನ ಗಂಟು ತಂದಾಗ ನಕ್ಕವರು, ಗಾಳಿಯ ಮಾತಿಗೆ ನಕ್ಕವರು, ಈ ಕಂದಕಗಳನ್ನು ನೋಡಿ ನಗಲಿಲ್ಲ. ದಿಬ್ಬಕ್ಕೆ ಬಂದು ನೋಡಿ, "ಸರಿಯಾಗಿ ಮಾಡೀರಿ ಸಾವ್ಕಾರ್ರೆ, ಅಣಬಿ ಅಂದ್ರೆ ಬಿಡಬಾರ್ದು" ಎಂದು ತಲೆದೂಗಿದರು. ಆಯುಷ್ಯದಲ್ಲಿ ಮೊದಲ ಸಲ ಊರು ಮಾವನ ಮಾತನ್ನು ಒಪ್ಪಿತು. ಮಾವ ತಪ್ಪು ಮಾಡುತ್ತಿದ್ದದ್ದೂ ಅದೊಂದರಲ್ಲೇ!

ಆದರೆ ಅದು ಗೊತ್ತಾಗಲು ಇನ್ನೂ ಕಾಲವಿತ್ತು.

ಎಂಬತ್ತರ ನಡುವಿನ ವರ್ಷಗಳನ್ನು ನಮ್ಮ ಕಡೆಯವರು ಮರೆತಿಲ್ಲ. ರೋಹಿಣಿ ಬಿಸಿಗಾಳಿಯಾಗಿ ಹೋಯಿತು. ಆರಿದ್ರ ಮೋಡವಾಗಿ ಬಂದು ಮೋಡವಾಗಿಯೇ ದಾಟಿತು. ಮಾಗಿಯಲ್ಲಿ ಕಂಬಳಿ ಹೊದೆಯುತ್ತಿದ್ದ ನಮ್ಮ ತಾಯಿ ಒಂದು ವರ್ಷ ಅದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಒಂದು ವರ್ಷ ಹೀಗಾದರೆ ಆ ವರ್ಷದ ಹಣೆಬರಹ ಎನ್ನಬಹುದು. ಒಂದರ ಹಿಂದೊಂದು ವರ್ಷ ಹೀಗೇ ಆದಾಗ ವಯಸ್ಸಾದವರು ಮಳೆಯ ಮಾತನ್ನೇ ನಿಲ್ಲಿಸಿದರು. ಅತ್ತೆಯ ತವರು ಜಗಳೂರಿನ ಕಡೆಯ ಸೊಕ್ಕೆ. ಅಲ್ಲಿಂದ ಬಂದ ಅವರ ತಮ್ಮ ದಿಬ್ಬದ ಮೇಲೆ ನಿಂತು ಹಣೆ ಒರೆಸಿಕೊಂಡು, "ಇದೇನ್ ಭಾವ, ನಮ್ಮ ಸೀಮೆ ಬಿಸ್ಲು ನಿಮ್ಮೂರಾಗೆ ಬಂದು ಮನಿ ಮಾಡೈತಲ್ಲ!" ಎಂದರು. ಮಾವ ನಗಲಿಲ್ಲ. ಅವರು ಮರದ ತುದಿ ನೋಡುತ್ತಿದ್ದರು.

ಸೂಜಿಗಳು ತುದಿಯಿಂದ ಕಂದುತ್ತಿದ್ದವು. ಮೊದಲು ಹಸಿರು ಮಾಸಿತು, ಆಮೇಲೆ ಹಳದಿ, ಆಮೇಲೆ ತುಕ್ಕು ಹಿಡಿದ ತಂತಿಯ ಬಣ್ಣ. ಕಾಂಡದ ಮೇಲೆ ಅಲ್ಲಲ್ಲಿ ಅಂಟು ಸುರಿದು ಹೆಪ್ಪುಗಟ್ಟಿತ್ತು. ತೊಗಟೆ ಎತ್ತಿದರೆ ಅಕ್ಕಿಕಾಳಿನಷ್ಟು ಸಣ್ಣ ಕಪ್ಪು ಹುಳ, ಅವು ಕೊರೆದ ದಾರಿ. ಮಾವ ಅಡಿಕೆಯವರ ಬುದ್ಧಿಯನ್ನೆಲ್ಲ ಸುರಿದರು. ಎಳೆಯ ಅಡಿಕೆಗೆ ಬಿಸಿಲು ತಾಗದಂತೆ ಕಾಂಡಕ್ಕೆ ಅಡಿಕೆ ಹಾಳೆ ಕಟ್ಟುವುದುಂಟಲ್ಲ, ಈ ಮರಗಳಿಗೂ ಕಟ್ಟಿದರು. ದೂರದಿಂದ ನೋಡಿದರೆ ಮರಗಳೆಲ್ಲ ಎದೆಗೆ ಪಟ್ಟಿ ಸುತ್ತಿಕೊಂಡು ಆಸ್ಪತ್ರೆಯಲ್ಲಿ ಸಾಲಾಗಿ ನಿಂತ ಹಾಗಿತ್ತು. ನಗಬೇಕಾದ ನೋಟವೇ. ನನಗೆ ನಗು ಬರಲಿಲ್ಲ.

ಯಾಕೆಂದರೆ ಅದೇ ವರ್ಷಗಳಲ್ಲಿ ಅತ್ತೆಯ ದಮ್ಮೂ ಹೆಚ್ಚಿತ್ತು. ಒಣ ದೂಳು, ಬಿಸಿಗಾಳಿ. ಕಾರಣ ಅಷ್ಟೇ ಇದ್ದೀತು. ಮಾವನಿಗೆ ಹಾಗಲ್ಲ. ಒಂದು ಮಧ್ಯಾಹ್ನ, ಒಣಗಿದ ಮರಕ್ಕೆ ಬೆನ್ನು ಕೊಟ್ಟು ಕೂತು ಅವರು ನನಗೆ ಹೇಳಿದ್ದು: "ಅಳಿಯಾ, ಈ ಮರ ಹೋದ್ರೆ ಅವಳು ಉಳಿಯಲ್ಲ. ಇದು ನಂಗೆ ಗೊತ್ತೈತೆ." ತೋಟಕ್ಕೆ ತೋಟವೇ ಹೋದಾಗಲೂ ಆ ಮುಖದಲ್ಲಿ ಅಂಥ ಭಯವನ್ನು ನಾನು ಕಂಡಿರಲಿಲ್ಲ.

ನ್ಯಾಮತಿಯಲ್ಲಿ ನನ್ನ ಪಕ್ಕದ ಮನೆಗೆ ಅರಣ್ಯ ಇಲಾಖೆಯವರೊಬ್ಬರು ಬಾಡಿಗೆಗೆ ಬಂದಿದ್ದರು. ತರಬೇತಿಗೆಂದು ಉತ್ತರದ ಬೆಟ್ಟಗಳಲ್ಲಿ ಇದ್ದು ಬಂದವರು. ನಾನು ಕೇಳಿಕೊಂಡ ಮೇಲೆ, ರಜೆಯ ದಿನ ನನ್ನ ಜೊತೆ ಬಸ್ಸಿನಲ್ಲಿ ಬಂದರು. ನಾನು ಮೊದಲಿಗೇ ಹೇಳಿದ ಬೆಳಿಗ್ಗೆ ಅದೇ. ದಿಬ್ಬ ಹತ್ತಿದವರು ಅವರು, ಮಾವ, ಹಾಲೇಶಿ, ನಾನು. ಅತ್ತೆ ನಿಂತು ನಿಂತು ಹಿಂದೆ ಬರುತ್ತಿದ್ದರು.

ಇಲಾಖೆಯವರು ಒಂದು ಒಣಮರದ ಬುಡ ಅಗೆಸಿದರು. ಬೇರಿನ ತುದಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಇಲ್ಲಿ ಅಣಬೆ ಏಳ್ತಾ ಇರ್ಲಿಲ್ವೇ?" ಎಂದು ಕೇಳಿದರು.

"ಏಳ್ತಿತ್ತು. ಒಂದೂ ಬಿಡ್ದಂಗೆ ಕಿತ್ತೀನಿ," ಎಂದರು ಮಾವ. ಆ ದನಿಯಲ್ಲಿ ಹೆಮ್ಮೆ ಇತ್ತು.

ಆ ಮನುಷ್ಯ ಒಳ್ಳೆಯವರು. ತಕ್ಷಣ ಹೇಳಲಿಲ್ಲ. ಬೇರನ್ನು ಮಣ್ಣಿಗೆ ಹಾಕಿ, ಕೈ ಒರೆಸಿಕೊಂಡು, ನಿಧಾನವಾಗಿ ಬಿಡಿಸಿ ಹೇಳಿದರು. ಈ ಜಾತಿಯ ಮರಕ್ಕೆ ಅಣಬೆ ರೋಗವಲ್ಲ. ಅದರ ಬೂಷ್ಟು ಬೇರಿನ ತುದಿಗೆ ಚೀಲದ ಹಾಗೆ ಹೊದ್ದುಕೊಂಡು, ಬೇರಿಗೆ ನಿಲುಕದ ಜಾಗದಿಂದ ನೀರು, ಮಣ್ಣಿನ ಸಾರ ತಂದುಕೊಡುತ್ತದೆ. ಮರ ಅದಕ್ಕೆ ಪ್ರತಿಯಾಗಿ ಊಟ ಹಾಕುತ್ತದೆ. ಅದಿಲ್ಲದೆ ಪರಸ್ಥಳದಲ್ಲಿ ಈ ಸಸಿ ಏಳುವುದೇ ಕಷ್ಟ. "ನೀವು ಆ ಕಾಡಿನ ಮಣ್ಣು ತಂದಿದ್ರಂತಲ್ಲ, ಅದ್ರಲ್ಲೇ ಇದು ಬಂದಿದ್ದು. ಅದಕ್ಕೇ ಇಷ್ಟು ವರ್ಷ ಬೆಳೆದಿದ್ದು."

ಮಾವ ಅಗೆದ ಬುಡವನ್ನೇ ನೋಡುತ್ತ, "ಅಡಿಕೆ ಬುಡದಾಗೆ ಏಳೋದು?" ಎಂದರು.

"ಅದು ಬೇರೆ. ಅದು ಕೊಲ್ಲೋದು. ಕಾಂಡಕ್ಕೆ ಅಂಟ್ಕೊಂಡು ಮರದ ಹಾಗೆ ಗಟ್ಟಿ ಇರುತ್ತೆ. ಇದು ಮಣ್ಣಿಂದ ಎದ್ದು ಮೆತ್ತಗಿರುತ್ತೆ. ಮುಟ್ಟಿದ್ರೆ ಗೊತ್ತಾಗುತ್ತೆ."

"ಭಯದಾಗೆ ಯಾರು ಮುಟ್ಟಿ ನೋಡ್ತಾರ್ರೀ?"

ಇಲಾಖೆಯವರು ಇನ್ನೂ ಒಂದು ಮಾತು ಹೇಳಿದರು. ಅದನ್ನು ಬಿಟ್ಟರೆ ಮಾವನಿಗೆ ಅನ್ಯಾಯವಾಗುತ್ತದೆ. ಬರೀ ಮೈಲುತುತ್ತದಿಂದ, ಬರೀ ಕಂದಕದಿಂದ ಇಷ್ಟು ಮರ ಸಾಯುವುದಿಲ್ಲ. ಮಳೆ ಸರಿಯಾಗಿ ಬಂದಿದ್ದರೆ ತಡೆದುಕೊಳ್ಳುತ್ತಿದ್ದವೋ ಏನೋ. ಬೇರು ಗಟ್ಟಿಯಿದ್ದಿದ್ದರೆ ಈ ಸೆಕೆಯನ್ನೂ ಸ್ವಲ್ಪ ದಿನ ತಡೆಯುತ್ತಿದ್ದವೋ ಏನೋ. ನಿತ್ರಾಣವಾದ ಮರವನ್ನು ಹುಡುಕಿಕೊಂಡು ಹುಳ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಹೇಳಲಾಗುವುದಿಲ್ಲ. "ಅಲ್ಲಿ ಬೆಟ್ಟದ ಮೇಲೂ ಈಗ ಹೀಗೆ ಅಲ್ಲೊಂದು ಇಲ್ಲೊಂದು ಕೆಂಪಗಾಗ್ತಾ ಇದೆ. ಅಲ್ಲಿ ಯಾರೂ ಕಂದಕ ತೋಡಿಲ್ಲ," ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜವಾಗಿ ಕಂಡಿದ್ದರೋ, ನಾನು ಕೇಳಲಿಲ್ಲ. ಒಣಗಿದವನ್ನು ಕಡಿದು ಸುಡಬೇಕು, ಹುಳ ಉಳಿಯಬಾರದು ಎಂದರು. ಅಂದರೆ ಬಹುಮಟ್ಟಿಗೆ ಎಲ್ಲವನ್ನೂ.

ಮಾವ ಮುಂದೆ ನಡೆದರು. ಮೇಲಕ್ಕೆ, ನೆತ್ತಿಯವರೆಗೆ. ನಾವು ಹಿಂದೆ. ಅಲ್ಲಿ ಸೀಳುಬಂಡೆಯ ಪಕ್ಕದಲ್ಲಿ ಕೊನೆಯ ಒಂದು ಮರ. ಅದು ಹಸಿರಾಗಿತ್ತು.

ಪೂರ್ತಿ ಹಸಿರು ಎನ್ನಲಾರೆ. ಪಡುವಣ ಕೊಂಬೆಗಳು ಮಾಸಿದ್ದವು. ಆದರೆ ಆ ದಿಬ್ಬದ ಮೇಲೆ ಹಸಿರು ಎಂಬ ಬಣ್ಣ ಇದ್ದದ್ದು ಅಲ್ಲಿ ಮಾತ್ರ. ಅಲ್ಲಿ ಎಲ್ಲ ಬಂಡೆ, ಗುದ್ದಲಿ ಇಳಿಯದ ಜಾಗ. ಬುಡದಲ್ಲಿ ಸೂಜಿಗಳು ಅಷ್ಟೆತ್ತರ ಗುಡ್ಡೆಯಾಗಿದ್ದವು. ಗಾಳಿಗೆ ಬಿದ್ದು ಸೇರಿದ ಹಾಗಿರಲಿಲ್ಲ. ಇಲಾಖೆಯವರು ಬಗ್ಗಿ ಒಂದು ಹಿಡಿ ಸರಿಸಿದರು. ಕೆಳಗೆ ಅಣಬೆಗಳು. ಮೊನ್ನೆಯ ಮಳೆಗೆ ಎದ್ದವು, ಒತ್ತಾಗಿ, ಮೆತ್ತಗೆ.

"ಹಾಲೇಶಿ, ಇವನ್ನ ಯಾಕೆ ಕಿತ್ತಿಲ್ಲ?" ಎಂದರು ಮಾವ. ಬೈಗುಳವಲ್ಲ, ಹೊಡೆತ ತಿಂದವರ ಹಾಗೆ ಕೇಳಿದರು.

"ನಂಗೇನು ಗೊತ್ತು ಸಾವ್ಕಾರ್ರೆ? ಇಲ್ಲಿ ಅಣಬಿ ನೋಡಿದ್ದೇ ಇವತ್ತು."

"ಹಾಲೇಶಿನ ಯಾಕೆ ಕೇಳ್ತೀರಿ?" ಎಂದರು ಅತ್ತೆ. ಅಷ್ಟೊತ್ತಿಗೆ ಮೇಲೆ ಬಂದಿದ್ದರು. ಬಂಡೆಗೆ ಕೈಕೊಟ್ಟು ನಿಂತು, ಮಾತು ಹೊರಡುವಷ್ಟು ಉಸಿರು ಸಿಗುವವರೆಗೆ ಕಾದರು. "ಮುಚ್ಚಿದ್ದು ನಾನು."

"ನೀನು? ನಿಂಗೆ ಗೊತ್ತಿತ್ತಾ, ಅಣಬಿ ಮರಕ್ಕೆ ಒಳ್ಳೇದು ಅಂತ?"

"ಅಯ್ಯ, ನಂಗೇನು ಗೊತ್ತು? ನಾನೂ ರೋಗ ಅಂತ್ಲೇ ತಿಳ್ಕಂಡಿದ್ದೆ. ನೀವೇ ಹೇಳಿದ್ರಲ್ಲ."

"ಮತ್ಯಾಕೆ?"

ಅತ್ತೆ ನಮ್ಮ ಕಡೆ ನೋಡಿದರು, ಹೊರಗಿನವರ ಮುಂದೆ ಹೇಳಬೇಕಲ್ಲ ಎಂಬ ಹಾಗೆ. ಆಮೇಲೆ ಹೇಳಿದರು.

"ಅಣಬಿ ಎದ್ದ ಮೊದ್ಲ ವರ್ಷ ಪಂಪು ಹೊತ್ಕಂಡು ಈ ಬಂಡೆ ಹತ್ತಿ ಇಳ್ದು ಬಂದ್ರಲ್ಲ, ಅವತ್ತು ಜಗಲಿ ಮ್ಯಾಲೆ ಕುಂತು ಎಷ್ಟೊತ್ತು ತೇಕಿದ್ರಿ, ನೆನಪೈತಾ? ತುಟಿ ನೀಲಿ ಆಗಿತ್ತು. ನೀವು ಯಾರ್ಗೂ ಹೇಳ್ಲಿಲ್ಲ. ಉಸ್ರು ಸಿಗ್ದೆ ಇರೋದು ಹೆಂಗೆ ಕಾಣ್ತೈತೆ ಅಂತ ನಂಗೆ ಗೊತ್ತಿಲ್ವ? ಈ ಮರದಾಗೆ ಅಣಬಿ ಕಂಡ್ರೆ ಮತ್ತೆ ಹತ್ತಾಕೆ ಬರ್ತೀರಿ. ಅದ್ಕೆ ಮಳಿ ಬಿದ್ದಾಗೆಲ್ಲ ನಿಮಗಿಂತ ಮೊದ್ಲು ಬಂದು ಸೂಜಿ ಎಳ್ದು ಮುಚ್ತಿದ್ದೆ. ಮರ ಹೋದ್ರೆ ಹೋಗ್ಲಿ ಅಂತ."

ಮಾವ ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಒಂದು ಅಣಬೆಯ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಇಲಾಖೆಯವರು ಸರಿಸಿದ್ದ ಸೂಜಿಗಳನ್ನೆಲ್ಲ ಎರಡೂ ಕೈಯಿಂದ ಬಾಚಿ ತಂದು, ಮೇಲೆ ಹೊದಿಸಿದರು. ಅವಸರವಿಲ್ಲದೆ, ಒಂದು ಕಡೆಯೂ ಬಿಡದೆ.

ಉಳಿದ ಮರಗಳನ್ನು ಆ ತಿಂಗಳೇ ಕಡಿಸಿದರು. ಬಂಡೆಯ ಪಕ್ಕದ ಮರ ಎಂಬತ್ತರ ದಶಕದ ಕೊನೆಯವರೆಗೂ ಇತ್ತು. ಕೊನೆಗೆ ಅದೂ ತುದಿಯಿಂದ ಕಂದಿ ಹೋಯಿತು. ಅಣಬೆಯಿಂದಲೇ ಅದು ಅಷ್ಟು ವರ್ಷ ಬದುಕಿತೆಂದು ನಾನು ಹೇಳುವುದಿಲ್ಲ, ಅಲ್ಲಿ ಬಂಡೆಯ ಸಂದಿಯಲ್ಲಿ ತಂಪೂ ಇತ್ತು. ಅತ್ತೆ ಮರಗಳು ಹೋದ ಮೇಲೂ ಬಹಳ ವರ್ಷ ಇದ್ದರು. ಮಾವ ಅವರಿಗಿಂತ ಮೊದಲೇ ಹೋದರು. ಇಲಾಖೆಯವರಿಗೆ ಎಲ್ಲಿಗೋ ವರ್ಗವಾಯಿತು. ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ನನಗೆ ತಿಳಿಯದು.

ಅವತ್ತು ಬಂಡೆಯ ಪಕ್ಕ ನಿಂತಿದ್ದವರಲ್ಲಿ, ನನಗೆ ತಿಳಿದಂತೆ ಈಗ ಇರುವವರು ನಾನು ಮತ್ತು ಹಾಲೇಶಪ್ಪ. ಅವನು ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಣ್ಣು ಮಂಜಾಗಿದೆ, ಮಾತೂ ಮೊದಲಿನಷ್ಟಿಲ್ಲ. ಆದರೆ ಸಾಹುಕಾರ್ರು ಅವತ್ತು ಸೂಜಿ ಹೇಗೆ ಹೊದಿಸಿದರು ಎಂದು ಕೇಳಿದರೆ, ಕೂತಲ್ಲೇ ಬಗ್ಗಿ ಎರಡೂ ಕೈಯಿಂದ ಮಾಡಿ ತೋರಿಸುತ್ತಾನೆ.